ಬಯಾಪ್ಸಿಗೆ ಒಪ್ಪುವ ಮೊದಲು

ನಿಮ್ಮ ತಾಯಿಯವರ ಬಲಗಣ್ಣು ಒಂದೂವರೆ ವರ್ಷದಿಂದ ನೋವಿಲ್ಲದೆ ಮುಂದಕ್ಕೆ ಬಂದಿದೆ, ಸ್ಕ್ಯಾನ್‌ನಲ್ಲಿ ಕಣ್ಣೀರಿನ ಗ್ರಂಥಿಯ ಗಡ್ಡೆ ಕಂಡಿದೆ, ಚೂರು ತೆಗೆದು ಪರೀಕ್ಷಿಸಲು (ಬಯಾಪ್ಸಿಗೆ) ಒಪ್ಪಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ.

ನಾನು ವೈದ್ಯನಲ್ಲ. ದಾವಣಗೆರೆಯಲ್ಲಿರುವ ನಮ್ಮ ಅಣ್ಣನಿಗೆ ಇದೇ ಆಗಿತ್ತು. ನಿಧಾನವಾಗಿ ಬೆಳೆದ, ನೋವಿಲ್ಲದ, ಮೂಳೆಯನ್ನು ಕೊರೆಯದೆ ನಯವಾಗಿ ಒತ್ತಿದ ಗಡ್ಡೆ ಪ್ಲಿಯೊಮಾರ್ಫಿಕ್ ಅಡಿನೋಮ ಇರಬಹುದು. ಅದು ಕ್ಯಾನ್ಸರ್ ಅಲ್ಲ. ಆದರೆ ಅದರ ಹೊದಿಕೆ ಹರಿದರೆ ಗಡ್ಡೆಯ ಜೀವಕೋಶಗಳು ಚೆಲ್ಲಿ, ವರ್ಷಗಳ ನಂತರವೂ ಮರುಕಳಿಸಬಹುದು. ಕೆಲವೊಮ್ಮೆ ಕ್ಯಾನ್ಸರ್‌ಗೂ ತಿರುಗುತ್ತದೆ. ಅದಕ್ಕೇ ಅದನ್ನು ಚೂರು ಮಾಡದೆ ಹೊದಿಕೆ ಸಮೇತ ಇಡಿಯಾಗಿ ತೆಗೆಯುತ್ತಾರೆ. ನೋವು, ಜೋಮು, ಕೆಲವೇ ತಿಂಗಳಲ್ಲಿ ಬೆಳೆದದ್ದು, ಮೂಳೆ ಸವೆತ ಇದ್ದರೆ ಮಾತೇ ಬೇರೆ. ಆಗ ಬಯಾಪ್ಸಿ ಬೇಕೇ ಬೇಕು, ತಡಮಾಡಬಾರದು.

ಅಣ್ಣನ ವೈದ್ಯರು ಮೊದಲು ಕೇಳಿದ್ದು ಹಳೆಯ ಫೋಟೊಗಳನ್ನು. ಮಗಳ ಮದುವೆಯ ಆಲ್ಬಮ್‌ನಲ್ಲೇ ಅವನ ಎಡಗಣ್ಣು ತುಸು ಕೆಳಗೆ, ಮೂಗಿನ ಕಡೆಗೆ ಜರುಗಿತ್ತು. ಮೂರು ವರ್ಷ ನಾವ್ಯಾರೂ ಗಮನಿಸಿರಲಿಲ್ಲ! ಶಸ್ತ್ರಚಿಕಿತ್ಸೆಯಲ್ಲಿ ಕಣ್ಣುಗೂಡಿನ ಹೊರಗೋಡೆಯ ಮೂಳೆಯ ತುಂಡನ್ನು ಬಿಡಿಸಿ, ಗಡ್ಡೆ ತೆಗೆದು, ಮೂಳೆಯನ್ನು ಮತ್ತೆ ಕೂರಿಸಿದರು. ದೃಷ್ಟಿ ಉಳಿಯಿತು.

ಕಣ್ಣುಗೂಡಿನ ಶಸ್ತ್ರಚಿಕಿತ್ಸೆ ಮಾಡುವ ಆಕ್ಯುಲೋಪ್ಲಾಸ್ಟಿ ತಜ್ಞರಿಗೇ ತೋರಿಸಿ. ಬೆಂಗಳೂರಿನ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ವಿಚಾರಿಸಬಹುದು. ಹೋಗುವಾಗ ವರದಿಯ ಹಾಳೆಯಷ್ಟೇ ಸಾಲದು, ಸ್ಕ್ಯಾನ್‌ನ ಸಿಡಿಯನ್ನೂ ಹಳೆಯ ಫೋಟೊಗಳನ್ನೂ ಒಯ್ಯಿರಿ.