1792ರ ಬೆಳ್ಳಿ ಬೊಟ್ಟಿನ ಅಮೆರಿಕನ್ ಸೆಂಟು ನಾಣ್ಯ: ನೋಡೋಕೆ ಎಲ್ಲಿ ಹೋಗ್ಬೇಕು?

ವಾಷಿಂಗ್ಟನ್‌ಗೆ ಮಗಳ ಮನೆಗೆ ಹೋಗ್ತಿದೀನಿ, ಮಧ್ಯೆ ಬೆಳ್ಳಿ ಇರೋ ತಾಮ್ರದ ಸೆಂಟು (ಡಾಲರಿನ ನೂರನೇ ಒಂದು ಭಾಗದ ನಾಣ್ಯ) ನೋಡೋಕಾಗತ್ತಾ, ಬೆಳ್ಳಿ ಯಾಕೆ ಹಾಕಿದ್ರು ಅಂತ ಕೇಳಿದೀರಲ್ಲ ಸರ್, ಸ್ಮಿತ್ಸೋನಿಯನ್‌ನ ಅಮೆರಿಕನ್ ಹಿಸ್ಟರಿ ಮ್ಯೂಸಿಯಂಗೆ ಹೋಗಿ, ಟಿಕೆಟ್ಟೇ ಇಲ್ಲ, ದೇಶದ ನಾಣ್ಯ ಸಂಗ್ರಹ ಇರೋದು ಅಲ್ಲೇ. ಆದ್ರೆ ಇರೋದನ್ನೆಲ್ಲ ಗಾಜಿನೊಳಗೆ ಇಟ್ಟಿರಲ್ಲ, ಬದಲಾಯಿಸ್ತಿರ್ತಾರೆ, ಹೋಗೋ ಮುಂಚೆ ಒಂದು ಮೇಲ್ ಹಾಕಿ ಕೇಳ್ಬಿಡಿ.

ಬೆಳ್ಳಿ ವಿಷ್ಯಕ್ಕೆ ಬಂದ್ರೆ, 1792ರ ಕಾನೂನಿನ ಪ್ರಕಾರ ಒಂದು ಸೆಂಟಿಗೆ 264 ಗ್ರೇನ್ ತಾಮ್ರ ಬೇಕಿತ್ತು, ಅಂದ್ರೆ ಸುಮಾರು 17 ಗ್ರಾಂ, ಜೇಬು ಹರಿದೋಗೋ ಭಾರ! ಅದಕ್ಕೆ ಟಂಕಸಾಲೆಯವ್ರು ಕಾಲು ಸೆಂಟಿನ ಬೆಲೆಯ ತಾಮ್ರದ ಬಿಲ್ಲೆಗೆ ಮಧ್ಯೆ ತೂತು ಹಾಕಿ, ಮುಕ್ಕಾಲು ಸೆಂಟಿನ ಬೆಳ್ಳಿ ಚೂರು ತುರುಕಿ, ಮೇಲೆ ಅಚ್ಚು ಒತ್ತಿದ್ರು. ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜೆಫರ್ಸನ್ ಆ ಡಿಸೆಂಬರ್‌ನಲ್ಲಿ ಇದರ ಸ್ಯಾಂಪಲ್ಲನ್ನ ಅಧ್ಯಕ್ಷ ವಾಷಿಂಗ್ಟನ್‌ಗೆ ಕಳಿಸಿದ್ದ. ಸೈಜು ನಮ್ಮ ಹೊಸ ಎರಡ್ರೂಪಾಯಿ ನಾಣ್ಯದಷ್ಟೇ, ನಾಣ್ಯದ ಮೇಲಿರೋ ಲಿಬರ್ಟಿ (ಸ್ವಾತಂತ್ರ್ಯ ದೇವಿ) ಮುಖದ ಮಧ್ಯೆ ಬೊಟ್ಟಿಟ್ಟಂಗೆ ಕಾಣತ್ತೆ, ಫೋಟೋದಲ್ಲಿ ಕಲೆ ಅನ್ಕೊಂಡು ಎಷ್ಟೋ ಜನ ಗಮನಿಸೋದೇ ಇಲ್ಲ. ಒಂದೊಂದಕ್ಕೂ ಹೀಗೆ ತೂತು ಕೊರೆದು ಬೆಳ್ಳಿ ಕೂರಿಸೋದು ತಲೆನೋವಿನ ಕೆಲ್ಸ, ಚಲಾವಣೆಗೆ ಬರಲೇ ಇಲ್ಲ, 1793ರಲ್ಲಿ ತೂಕಾನೇ 208 ಗ್ರೇನ್‌ಗೆ ಇಳಿಸಿ ಬರೀ ತಾಮ್ರದ್ದೇ ಹೊಡೆದ್ರು.

ಮಗಳಿಗೆ ಅರ್ಧ ದಿನ ಬಿಡುವು ಮಾಡ್ಕೊಳಕ್ಕೆ ಹೇಳಿ, ಒಂದು ಗಂಟೆ ಸಾಲಲ್ಲ.