ನುಡಿ ಪ್ರಶ್ನೋತ್ತರ: ಇಂಗ್ಲಿಷಿನ ‘ರನ್’ ಟರ್ಕಿಶ್‌ನಲ್ಲಿ ಎಲ್ಲೆಲ್ಲಿ ಓಡುತ್ತದೆ?

(ಟರ್ಕಿಶ್ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಸ್ವರಗಳ ವಿವರ ಕೊನೆಯ ಉತ್ತರದಲ್ಲಿದೆ.)

ಪ್ರಶ್ನೆ: ಟರ್ಕಿಶ್ ಕಲಿಯುತ್ತಿದ್ದೇನೆ. ನಿಘಂಟಿನಲ್ಲಿ ‘ರನ್’ ಹುಡುಕಿದರೆ ಮೊದಲು ಸಿಗುವುದು ‘ಕೊಶ್ಮಾಕ್’. ಅದನ್ನೇ ಹಿಡಿದು ‘ಫ್ರಿಜ್ ರನ್ ಆಗುತ್ತಿದೆ’ ಎಂದು ಬರೆದರೆ ಶಿಕ್ಷಕರು ನಗುತ್ತಾರೆ. ಯಾವ ಪದ ಎಲ್ಲಿ ಎಂದು ತಿಳಿಯುವುದು ಹೇಗೆ? (ಮೈಸೂರಿನ ಓದುಗರು)

ಉತ್ತರ: ಕೊಶ್ಮಾಕ್‌ಗೆ ಕಾಲು ಬೇಕು. ಮನುಷ್ಯ, ಕುದುರೆ, ನಾಯಿ ಓಡಿದರೆ ಕೊಶ್ಮಾಕ್. ‘ಬುಜ಼್‌ದೊಲಾಬು ಕೊಶುಯೊರ್’ ಎಂದರೆ ಫ್ರಿಜ್ ಅಡುಗೆಮನೆ ಬಿಟ್ಟು ಓಟ ಕಿತ್ತಿದೆ ಎಂದಾಗುತ್ತದೆ. ಯಂತ್ರಕ್ಕೆ ಬೇಕಾದದ್ದು ‘ಚಾಲುಶ್ಮಾಕ್’, ಅಂದರೆ ಕೆಲಸ ಮಾಡು. ಫ್ರಿಜ್, ಲಿಫ್ಟ್, ಗಡಿಯಾರ, ಎಂಜಿನ್, ಕಂಪ್ಯೂಟರ್ ಪ್ರೋಗ್ರಾಂ ಎಲ್ಲಕ್ಕೂ ಅದೇ. ‘ಆಸಾನ್ಸೊರ್ ಚಾಲುಶ್ಮುಯೊರ್’ ಎಂದರೆ ಲಿಫ್ಟ್ ಕೆಲಸ ಮಾಡುತ್ತಿಲ್ಲ. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಾದರೆ ‘ಆರುಜ಼ಾಲು’ (ಕೆಟ್ಟಿದೆ) ಎಂದಿರುವುದೇ ಹೆಚ್ಚು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ‘ರನ್’ ಕ್ರಿಯಾಪದಕ್ಕೆ 600ಕ್ಕೂ ಹೆಚ್ಚು ಅರ್ಥ ಕೊಡುತ್ತದೆ. ಅವನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ವಾಕ್ಯದಲ್ಲಿ ‘ರನ್’ ಆಗುತ್ತಿರುವುದು ಏನು ಎಂದು ಮೊದಲು ನೋಡಿ. ಕಾಲಿರುವುದಾದರೆ ಕೊಶ್ಮಾಕ್, ಯಂತ್ರವಾದರೆ ಚಾಲುಶ್ಮಾಕ್, ದ್ರವವಾದರೆ ‘ಆಕ್ಮಾಕ್’ (ಹರಿ). ನಲ್ಲಿಯಲ್ಲಿ ನೀರು ಬಂದರೆ ‘ಸು ಆಕುಯೊರ್’, ನೆಗಡಿಯಾಗಿ ಮೂಗು ಸೋರಿದರೆ ‘ಬುರ್ನುಮ್ ಆಕುಯೊರ್’. ದಿನಬಳಕೆಯ ಮಾತು ಬಹುಪಾಲು ಈ ಮೂರರಲ್ಲೇ ಮುಗಿಯುತ್ತದೆ. ‘ರನ್ ಎ ಫೀವರ್’ (ಜ್ವರ ಬಂದಿದೆ) ಎನ್ನುವಾಗಿನ ‘ರನ್’ ಮಾತ್ರ ಯಾವುದಕ್ಕೂ ಸೇರದು. ಅಲ್ಲಿ ‘ಆತೆಶಿಮ್ ವಾರ್’, ನನಗೆ ಬೆಂಕಿ ಇದೆ, ಎನ್ನುತ್ತಾರೆ. ‘ಆತೆಶಿನ್ ವಾರ್ ಮು?’ ಎಂದು ಬೀದಿಯಲ್ಲಿ ಯಾರಾದರೂ ಕೇಳಿದರೆ ನಿಮ್ಮ ಆರೋಗ್ಯ ವಿಚಾರಿಸುತ್ತಿಲ್ಲ, ಸಿಗರೇಟಿಗೆ ಬೆಂಕಿ ಕೇಳುತ್ತಿದ್ದಾರೆ.

ಚಾಲುಶ್ಮಾಕ್ ಕೂಡ ಸಾಧುವಲ್ಲ. ‘ಬಾಂಕಾದಾ ಚಾಲುಶುಯೊರುಮ್’ ಎಂದರೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ‘ದೆರ್ಸೆ ಚಾಲುಶುಯೊರುಮ್’ ಎಂದರೆ ಪಾಠ ಓದಿಕೊಳ್ಳುತ್ತಿದ್ದೇನೆ. ‘ಒರೆನ್ಮೆಯೆ ಚಾಲುಶುಯೊರುಮ್’ ಎಂದರೆ ಕಲಿಯಲು ಪ್ರಯತ್ನಿಸುತ್ತಿದ್ದೇನೆ. ಹಿಂದಿನ ಪದವೋ ಅದರ ವಿಭಕ್ತಿಯೋ ಬದಲಾದರೆ ಅರ್ಥವೂ ಬದಲಾಗುತ್ತದೆ.

ಪ್ರಶ್ನೆ: ‘ಬಸ್ ಓಡುತ್ತದೆ’, ‘ಸಿನಿಮಾ ಓಡುತ್ತಿದೆ’ ಎನ್ನುವುದು ಕನ್ನಡದಲ್ಲೂ ಇದೆ. ಅಲ್ಲಿ? (ಹುಬ್ಬಳ್ಳಿಯ ಓದುಗರು)

ಉತ್ತರ: ಅಲ್ಲಿ ಎರಡೂ ಓಡುವುದಿಲ್ಲ. ಹತ್ತು ನಿಮಿಷಕ್ಕೊಂದು ಬಸ್ ಹೊರಡುತ್ತಿದ್ದರೆ ‘ಕಾಲ್ಕ್‌ಮಾಕ್’, ನಿಮ್ಮ ನಿಲ್ದಾಣದ ಮೇಲೆ ಹಾದುಹೋಗುತ್ತಿದ್ದರೆ ‘ಗೆಚ್‌ಮೆಕ್’. ಭಾನುವಾರ ಬಸ್ ಇಲ್ಲದಿದ್ದರೆ ‘ಪಾಜ಼ಾರ್ ಗುನು ಸೆಫೆರ್ ಯೊಕ್’. ಈ ಸೆಫೆರ್ ನಮ್ಮ ಕಿವಿಗೆ ಬಿದ್ದಿರುವ ಸಫರ್, ಎರಡಕ್ಕೂ ಮೂಲ ಅರಬ್ಬಿ. ಸಿನಿಮಾ ‘ಒಯ್ನುಯೊರ್’, ಅಂದರೆ ಆಡುತ್ತದೆ. ಗಡಿಯಾರದ ವಿಷಯದಲ್ಲಿ ನಾವೂ ಅವರೂ ಒಂದೇ: ಚುರುಕಾದರೆ ‘ಇಲೆರಿ ಗಿದಿಯೊರ್’, ಮುಂದೆ ಹೋಗುತ್ತದೆ, ನಿಧಾನವಾದರೆ ‘ಗೆರಿ ಕಾಲುಯೊರ್’, ಹಿಂದೆ ಉಳಿಯುತ್ತದೆ.

ಚುನಾವಣೆಗೆ ಅಮೆರಿಕನ್ನರು ಓಡುತ್ತಾರೆ, ನಾವು ನಿಲ್ಲುತ್ತೇವೆ, ಟರ್ಕಿಯವರು ‘ಆದಾಯ್ ಒಲ್ಮಾಕ್’ ಎಂದು ನೇರವಾಗಿ ಅಭ್ಯರ್ಥಿ ಆಗುತ್ತಾರೆ.

ಪ್ರಶ್ನೆ: ‘ರನ್ ಔಟ್’, ‘ರನ್ ಇನ್‌ಟು’, ‘ರನ್ ಓವರ್’ ಇತ್ಯಾದಿಗಳಿಗೆ ಏನು? (ದಾವಣಗೆರೆಯ ಓದುಗರು)

ಉತ್ತರ: ಬಾಲ ಸೇರಿದ ಕೂಡಲೇ ‘ರನ್’ ಅನ್ನು ಮರೆತುಬಿಡಿ. ಟರ್ಕಿಶ್‌ನಲ್ಲಿ ಪ್ರತಿಯೊಂದಕ್ಕೂ ಬೇರೆ ಕ್ರಿಯಾಪದ. ಹಾಲು ಮುಗಿದರೆ ‘ಸುತ್ ಬಿತ್ತಿ’. ಅಂಗಡಿಯಲ್ಲಿ ಸರಕು ಖಾಲಿಯಾದರೆ ‘ತುಕೆಂದಿ’, ಖರೀದಿ ತಾಣಗಳಲ್ಲೂ ಇದೇ ಪದ ಕಾಣುತ್ತದೆ. ಹೊತ್ತು ಮುಗಿದರೆ ‘ವಾಕ್ತಿಮಿಜ಼್ ಕಾಲ್ಮಾದು’, ನಮಗೆ ಹೊತ್ತು ಉಳಿದಿಲ್ಲ.

ಅಕಸ್ಮಾತ್ ಯಾರಾದರೂ ಸಿಕ್ಕರೆ ‘ರಾಸ್ತ್‌ಲಾಮಾಕ್’. ಕನ್ನಡಿಗರು ಎಡವುವುದು ಇಲ್ಲೇ. ‘ಗೆಳೆಯನನ್ನು ಕಂಡೆ’ ಎಂಬ ರೂಢಿಯಲ್ಲಿ ದ್ವಿತೀಯಾ ವಿಭಕ್ತಿ ಹಚ್ಚಿ ‘ಆರ್ಕಾದಾಶುಮು’ ಎನ್ನುತ್ತಾರೆ. ಈ ಕ್ರಿಯಾಪದ ಕೇಳುವುದು ಚತುರ್ಥಿ: ‘ಆರ್ಕಾದಾಶುಮಾ ರಾಸ್ತ್‌ಲಾದುಮ್’. ಕಾರು ಡಿಕ್ಕಿ ಹೊಡೆಯುವ ‘ಚಾರ್ಪ್‌ಮಾಕ್’ ಕೂಡ ಚತುರ್ಥಿಯನ್ನೇ ಕೇಳುತ್ತದೆ. ಮೇಲೆ ಹರಿದು ಜಜ್ಜಿದರೆ ‘ಎಜ಼್‌ಮೆಕ್’, ಇದಕ್ಕೆ ದ್ವಿತೀಯಾ. ಎರಡರಲ್ಲಿ ಯಾವುದು ನಡೆಯಿತೆಂದು ಇಂಗ್ಲಿಷ್ ವಾಕ್ಯದ ಸಂದರ್ಭ ನೋಡಿಯೇ ಆರಿಸಬೇಕು.

ವಿಭಕ್ತಿ ತಿಳಿಯಲು ಟರ್ಕಿಶ್ ಭಾಷಾ ಸಂಸ್ಥೆಯ (ಸ್ಥಾಪನೆ 1932) ನಿಘಂಟನ್ನು ಅಂತರ್ಜಾಲದಲ್ಲಿ ತೆರೆಯಿರಿ. ಪ್ರತಿ ಕ್ರಿಯಾಪದದ ಅರ್ಥದ ಮುಂದೆ ಸಣ್ಣದಾಗಿ ‘-ಇ’, ‘-ಎ’, ‘-ದೆನ್’ ಎಂದು ಕೊಟ್ಟಿರುತ್ತಾರೆ. ಕ್ರಮವಾಗಿ ನಮ್ಮ ‘-ಅನ್ನು’, ‘-ಗೆ’, ‘-ಇಂದ’. ‘ಎನ್‌ಎಸ್‌ಜ಼ೆಡ್’ ಎಂಬ ಮೂರಕ್ಷರ ಇದ್ದರೆ ಅಕರ್ಮಕ. ಹೊಸ ಕ್ರಿಯಾಪದ ಬರೆದುಕೊಳ್ಳುವಾಗ ಈ ಗುರುತನ್ನೂ ಜೊತೆಗೇ ಬರೆದುಕೊಳ್ಳದಿದ್ದರೆ ಪದ ಗೊತ್ತಿದ್ದೂ ವಾಕ್ಯ ಕೆಡುತ್ತದೆ.

ತಪ್ಪಿಸಿಕೊಂಡು ಓಡಿದರೆ ‘ಕಾಚ್‌ಮಾಕ್’: ‘ಪೊಲಿಸ್‌ತೆನ್ ಕಾಚ್‌ತು’, ಪೊಲೀಸರಿಂದ ತಪ್ಪಿಸಿಕೊಂಡ. ಕಾಲುಚೀಲದ ಎಳೆ ಬಿಟ್ಟುಕೊಂಡರೂ ‘ಚೊರಾಬುಮ್ ಕಾಚ್‌ತು’, ಕಾಲುಚೀಲ ತಪ್ಪಿಸಿಕೊಂಡಿತು! ಇದರ ಪ್ರೇರಣಾರ್ಥಕ ‘ಕಾಚುರ್ಮಾಕ್’. ‘ಒತೊಬುಸು ಕಾಚುರ್ದುಮ್’ ಎಂದರೆ ಬಸ್ ತಪ್ಪಿತು. ಅದೇ ಪದಕ್ಕೆ ಅಪಹರಿಸು ಎಂಬ ಅರ್ಥವೂ ಇದೆ. ಬಸ್ಸಿನ ಮಾತು ಬಂದಾಗ ಕೇಳುವವರು ಮೊದಲ ಅರ್ಥವನ್ನೇ ಹಿಡಿಯುತ್ತಾರೆ, ಹೆದರಬೇಡಿ.

ಪ್ರಶ್ನೆ: ‘ರನ್ ಎ ಕಂಪನಿ’ ಎನ್ನಲು ಇಶ್ಲೆತ್‌ಮೆಕ್ ಸರಿಯೋ, ಯೊನೆತ್‌ಮೆಕ್ ಸರಿಯೋ? (ಬೆಂಗಳೂರಿನ ಓದುಗರು)

ಉತ್ತರ: ಹೋಟೆಲು, ಅಂಗಡಿಯನ್ನು ವ್ಯಾಪಾರವಾಗಿ ನಡೆಸಿದರೆ ಇಶ್ಲೆತ್‌ಮೆಕ್. ‘ದುಕ್ಕ್ಯಾನ್ ಇಶ್ಲೆತಿಯೊರ್’ ಎಂದರೆ ಉತ್ತರ ಕರ್ನಾಟಕದವರಿಗೆ ಅರ್ಧ ಅರ್ಥವಾದಂತೆಯೇ, ಅದು ದುಕಾನು. ಕಂಪನಿಯ ಆಡಳಿತ ನೋಡಿಕೊಂಡರೆ ಯೊನೆತ್‌ಮೆಕ್. ‘ಚಾಲುಶ್ತುರ್ಮಾಕ್’ ಮನುಷ್ಯರೊಡನೆ ಬಂದರೆ ಕೆಲಸಕ್ಕಿಟ್ಟುಕೊಳ್ಳು, ಎಂಜಿನ್ ಜೊತೆ ಬಂದರೆ ಶುರುಮಾಡು. ವಿಂಡೋಸ್‌ನ ಟರ್ಕಿಶ್ ಆವೃತ್ತಿಯಲ್ಲಿ ‘ರನ್’ ಪೆಟ್ಟಿಗೆಯ ಹೆಸರು ‘ಚಾಲುಶ್ತುರ್’.

ಚಾಲುಶ್‌ಗೆ ಸೇರಿದ ತುರ್, ಇಶ್ಲೆಗೆ ಸೇರಿದ ತ್: ಇವು ನಮ್ಮ ‘-ಇಸು’ವಿನ ಕೆಲಸ ಮಾಡುವ ಪ್ರತ್ಯಯಗಳು. ಓಡು-ಓಡಿಸು ಗೊತ್ತಿರುವವರಿಗೆ ಇದು ಸಲೀಸು. ಒಂದು ಎಚ್ಚರಿಕೆ: ಆಡುಮಾತಿನಲ್ಲಿ ಮನುಷ್ಯರನ್ನು ‘ಇಶ್ಲೆತ್‌ಮೆಕ್’ ಎಂದರೆ ಕಾಲೆಳೆಯುವುದು, ತಮಾಷೆ ಮಾಡುವುದು. ‘ನಾನು ಹತ್ತು ಜನರನ್ನು ನಡೆಸುತ್ತೇನೆ’ ಎನ್ನಲು ಅದನ್ನು ಬಳಸಬೇಡಿ.

ಪ್ರಶ್ನೆ: ನೀವು ‘ಚಾಲುಶ್ಮಾಕ್’ ಎಂದು ಬರೆಯುತ್ತೀರಿ, ಕೆಲವರು ‘ಚಾಲಿಶ್ಮಾಕ್’ ಎನ್ನುತ್ತಾರೆ. ಯಾವುದು ಸರಿ? (ಉಡುಪಿಯ ಓದುಗರು)

ಉತ್ತರ: ಎರಡೂ ಅಂದಾಜು. ಅಲ್ಲಿರುವುದು ಇಂಗ್ಲಿಷ್ ‘ಐ’ಯಂಥ, ಆದರೆ ಚುಕ್ಕಿಯಿಲ್ಲದ ಅಕ್ಷರ. ತುಟಿ ದುಂಡಗೆ ಮಾಡದೆ ‘ಉ’ ಹೇಳಿದರೆ ಬರುವ ಸ್ವರ. ತುಳುವಿನ ಎಷ್ಟೋ ಪದಗಳ ಕೊನೆಯಲ್ಲಿ ಅರ್ಧ ಕೇಳಿಸುವ ಉಕಾರ ಬಲ್ಲ ನಿಮ್ಮ ಕಡೆಯವರಿಗೆ ಅದು ಬೇಗ ಒಲಿಯುತ್ತದೆ. ‘ಆಸಾನ್ಸೊರ್’, ‘ಯೊನೆತ್‌ಮೆಕ್’ಗಳ ‘ಒ’ಗೆ ತುಟಿ ದುಂಡಗಿಟ್ಟು ‘ಎ’ ಹೇಳಿ. ‘ಸುತ್’, ‘ತುಕೆಂದಿ’ಗಳ ‘ಉ’ಗೆ ತುಟಿ ದುಂಡಗಿಟ್ಟು ‘ಇ’ ಹೇಳಿ. ‘ಆ’ ಬರೆದಲ್ಲೆಲ್ಲ ಎಳೆಯದೆ ಗಿಡ್ಡವಾಗಿ ಹೇಳಿದರೆ ಸರಿ.

ಟರ್ಕಿಶ್‌ಗೆ 1928ರಲ್ಲಿ ಬಂದ ಲ್ಯಾಟಿನ್ ಲಿಪಿಯ 29 ಅಕ್ಷರಗಳಲ್ಲಿ ಚುಕ್ಕಿಯ ‘ಐ’ ಬೇರೆ, ಚುಕ್ಕಿಯಿಲ್ಲದ್ದು ಬೇರೆ. ದೊಡ್ಡಕ್ಷರದಲ್ಲೂ ಚುಕ್ಕಿ ಉಳಿಯುತ್ತದೆ. ಒಂದರ ಬದಲು ಇನ್ನೊಂದನ್ನು ಒತ್ತಿದರೆ ಪದ ಬೇರೆಯಾಗುತ್ತದೆ, ಕೆಲವೊಮ್ಮೆ ಅಸಭ್ಯವೂ ಆಗುತ್ತದೆ. ಫೋನಿನ ಭಾಷಾ ಸೆಟ್ಟಿಂಗ್‌ನಲ್ಲಿ ಟರ್ಕಿಶ್ ಕೀಲಿಮಣೆ ಸೇರಿಸಿಕೊಳ್ಳಿ. ಎರಡಕ್ಕೂ ಪ್ರತ್ಯೇಕ ಕೀಲಿ ಸಿಗುತ್ತದೆ.