ಸ್ಯಾಕ್ ಲೆಕ್ಕ ಮತ್ತು ಲಾರೆನ್ಸ್ ಟೇಲರ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬ್ರೂಸ್ ಸ್ಮಿತ್ ಅವರ ಹೆಸರಿನಲ್ಲಿ 200 ಸ್ಯಾಕ್ ಇರುವಾಗ 132.5 ಸ್ಯಾಕ್‌ನ ಲಾರೆನ್ಸ್ ಟೇಲರ್ ಅವರನ್ನು ಎಲ್ಲರೂ ತಲೆಯ ಮೇಲೆ ಹೊತ್ತು ಮೆರೆಸುವುದೇಕೆ ಎಂದು ಕೇಳಿದ್ದೀರಿ. ಚೆಂಡು ಎಸೆಯುವ ಮೊದಲೇ ಎದುರಾಳಿ ತಂಡದ ಎಸೆತಗಾರನಾದ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವ ಈ ಸ್ಯಾಕ್ ಅಧಿಕೃತ ಲೆಕ್ಕಕ್ಕೆ ಸೇರಿದ್ದೇ 1982ರಲ್ಲಿ. ಟೇಲರ್ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಬಂದದ್ದು 1981ರಲ್ಲಿ. ಆ ವರ್ಷದ 9.5 ಕೈಬಿಟ್ಟುಹೋಯಿತು. ಅದನ್ನು ಕೂಡಿಸಿದರೂ ಸ್ಮಿತ್ ಅವರೇ ಬಹಳ ಮುಂದೆ, ಒಪ್ಪುತ್ತೇನೆ.

ಆದರೆ ಟೇಲರ್ ಅವರ ಅಳತೆ ಸಿಗುವುದು ಎದುರಾಳಿಗಳ ಪೇಚಾಟದಲ್ಲಿ. ಟೇಲರ್ ಅವರಂತೆ ಅಂಚಿನಿಂದ ನುಗ್ಗುವ ಲೈನ್‌ಬ್ಯಾಕರ್‌ನನ್ನು (ರಕ್ಷಣಾ ಸಾಲಿನ ಹಿಂದೆ ಆಡುವವನು) ತಡೆಯುವ ಕೆಲಸ ಆಗೆಲ್ಲ ಸಾಮಾನ್ಯವಾಗಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನದು. ಆರಡಿ ಮೂರಂಗುಲದ ಟೇಲರ್ ಎದುರು ಅದು ನಡೆಯಲಿಲ್ಲ. ವಾಷಿಂಗ್ಟನ್ ತರಬೇತುದಾರ ಜೋ ಗಿಬ್ಸ್ ಟೇಲರ್ ಒಬ್ಬರಿಗಾಗಿಯೇ ಎರಡನೇ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರ) ನಿಲ್ಲಿಸಿ ಆಟದ ರಚನೆಯನ್ನೇ ಬದಲಿಸಿದರು. ಬಲಗೈ ಎಸೆತಗಾರನ ಬೆನ್ನು ಕಾಯುವ ಲೆಫ್ಟ್ ಟ್ಯಾಕಲ್‌ಗೆ ಮುಂದೆ ಬಂದ ಬೆಲೆಯಲ್ಲಿ ಟೇಲರ್ ಪಾಲು ದೊಡ್ಡದು.

1986ರಲ್ಲಿ 20.5 ಸ್ಯಾಕ್ ಗಳಿಸಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು. 1971ರ ಅಲನ್ ಪೇಜ್ ನಂತರ ರಕ್ಷಣಾ ಆಟಗಾರನೊಬ್ಬನಿಗೆ ಅದು ಸಿಕ್ಕಿದ್ದು ಆಗಲೇ. ನನಗೆ ಹೆಚ್ಚು ಇಷ್ಟವಾಗುವುದು ಮಾತ್ರ 1988ರ ನ್ಯೂ ಆರ್ಲಿಯನ್ಸ್ ಪಂದ್ಯ: ಭುಜದ ಬಳಿ ಸ್ನಾಯು ಹರಿದಿತ್ತು, ಪಟ್ಟಿ ಬಿಗಿದುಕೊಂಡು ಆಡಿ ಮೂರು ಸ್ಯಾಕ್ ಗಳಿಸಿದರು. (ಅದೇ ಋತುವಿನ ಆರಂಭದಲ್ಲಿ ಮಾದಕ ವಸ್ತುವಿನ ಕಾರಣಕ್ಕೆ ಅಮಾನತಾಗಿದ್ದವರೂ ಇವರೇ.)

ಹಳೆಯ ದೃಶ್ಯಗಳು ಸಿಕ್ಕರೆ 56ನೇ ಸಂಖ್ಯೆಯ ಅಂಗಿಯ ಮೇಲೆ ಕಣ್ಣಿಡಿ. ಸ್ಯಾಕ್ ಆಗದ ಎಷ್ಟೋ ಆಟಗಳಲ್ಲೂ ಅವರನ್ನು ತಡೆಯಲು ಇಬ್ಬರು ಹೆಣಗುತ್ತಿರುತ್ತಾರೆ.